ಕನ್ನಡಿಯ ಬೆನ್ನು

ಅರವತ್ತು ದಾಟಿ ತಲೆ ಪೂರ್ತಿ ಬೆಳ್ಳಗಾದ ಮೇಲೂ ಬೀದಿಯವರಿಗೆಲ್ಲ ಅವನು ಚಿಕ್ಕ ಯಜಮಾನನೇ. ಕಾರಣ ಇಷ್ಟೇ, ಗಾಜಿನ ಅಂಗಡಿಯಲ್ಲಿ ಅವನಿಗಿಂತ ದೊಡ್ಡವರೊಬ್ಬರು ಇನ್ನೂ ಜಾಗ ಬಿಟ್ಟುಕೊಟ್ಟಿರಲಿಲ್ಲ. ಆ ದೊಡ್ಡ ಯಜಮಾನರು ಅವನ ಭಾವ, ಸ್ವಂತ ಅಕ್ಕನ ಗಂಡ. ಭಾವ ಮಾತಿನಲ್ಲಿ ಬಲು ಜಿಪುಣರು, ಇವನು ಮಾತಿನ ಮಲ್ಲ. ಗಾಜು ಕತ್ತರಿಸುವುದು, ಅಂಚು ಉಜ್ಜುವುದು, ಹೊತ್ತುಕೊಂಡು ಹೋಗಿ ಗೋಡೆಗೋ ಕಿಟಕಿಗೋ ಕೂರಿಸಿ ಬರುವುದು, ಎಲ್ಲವನ್ನೂ ಈ ಇಬ್ಬರೇ ಮಾಡುತ್ತಿದ್ದರು. ಮೂರನೆಯವರನ್ನು ಇಟ್ಟುಕೊಳ್ಳುವ ಮಾತು ಆಗಾಗ ಬರುತ್ತಿತ್ತು, ಬಂದ ಹಾಗೆಯೇ ಹೋಗುತ್ತಿತ್ತು.

ಗಾಜು ಹೊರುವುದಕ್ಕೆ ಆ ಅಂಗಡಿಯದೇ ಒಂದು ಕ್ರಮವಿತ್ತು. ಗಾಜನ್ನು ನೆಟ್ಟಗೆ ಅಂಚಿನ ಮೇಲೆ ನಿಲ್ಲಿಸಿ, ಒಬ್ಬ ಮುಂದೆ, ಒಬ್ಬ ಹಿಂದೆ, ಇಬ್ಬರೂ ಒಂದೇ ಮಗ್ಗುಲಲ್ಲಿ ನಿಂತು ಎತ್ತಬೇಕು. ಮುಂದಿನವನು ದಾರಿ ಹೇಳಬೇಕು: ಹೊಸಿಲು, ಮೆಟ್ಟಿಲು, ತಿರುವು. ಹಿಂದಿನವನು ಒಂದೊಂದಕ್ಕೂ ‘ಹೂಂ’ ಅನ್ನಬೇಕು. ಮುಂದಿನವನು ಯಾವ ಕಾರಣಕ್ಕೂ ಹಿಂದಿರುಗಿ ನೋಡಬಾರದು, ಕತ್ತು ತಿರುಗಿದರೆ ಮೈ ತಿರುಗುತ್ತದೆ, ಮೈ ತಿರುಗಿದರೆ ಗಾಜು. ಇದೆಲ್ಲ ಭಾವನ ತಂದೆ ಹಾಕಿಕೊಟ್ಟ ನಿಯಮ. ಅವರು ಇನ್ನೊಂದನ್ನೂ ಹಾಕಿಕೊಟ್ಟಿದ್ದರು. ಇಬ್ಬರಲ್ಲಿ ಯಾರಾದರೂ ‘ಇಳಿಸು’ ಅಂದರೆ ಇನ್ನೊಬ್ಬ ಯಾಕೆ ಏನು ಎನ್ನದೆ ನಿಂತಲ್ಲೇ ಇಳಿಸಬೇಕು. ಒಳ್ಳೆಯ ನಿಯಮವೇ. ಆದರೆ ಭಾವ, ಮೈದುನ ಇಬ್ಬರೂ ಇಷ್ಟು ವರ್ಷಗಳಲ್ಲಿ ಆ ಮಾತನ್ನು ಒಮ್ಮೆಯೂ ಆಡಿರಲಿಲ್ಲ. ಮೊದಮೊದಲು ಅದರ ಅಗತ್ಯ ಬೀಳಲಿಲ್ಲ. ಆಮೇಲೆ ಆಡದಿರುವುದೇ ಒಂದು ಜಂಬವಾಯಿತು. ಗಂಡಸರ ಜಂಬ ಹುಟ್ಟುವುದು ಹೀಗೆ ಏನೂ ಇಲ್ಲದ ಕಡೆಯಲ್ಲೇ.

ಚಿಕ್ಕ ಯಜಮಾನನಿಗೆ ಬೆನ್ನುನೋವು ಹೊಸದೇನಲ್ಲ. ಒಮ್ಮೆ ಬಂದು ಸೇರಿಕೊಂಡದ್ದು ಮನೆ ಖಾಲಿ ಮಾಡದ ಬಾಡಿಗೆದಾರನ ಹಾಗೆ ಅಲ್ಲೇ ಉಳಿದಿತ್ತು. ಅದರ ಜೊತೆ ಹೇಗೋ ಹೊಂದಿಕೊಂಡಿದ್ದ. ಹೊಸದಾಗಿ ಶುರುವಾದದ್ದು ಕಾಲಿನ ತಕರಾರು. ಬಚ್ಚಲಿಗೆ ಹೋಗುವಾಗ ಕೈ ತಾನಾಗಿ ಗೋಡೆ ಹುಡುಕುತ್ತಿತ್ತು. ಬೀದಿಯಲ್ಲಿ ಕಾಲು ಅಗಲಿಸಿಕೊಂಡು, ಕಣ್ಣು ನೆಲಕ್ಕೆ ನೆಟ್ಟು ನಡೆಯುತ್ತಿದ್ದ. ಯಾರಾದರೂ ಮಾತನಾಡಿಸಿದರೆ ನಿಂತೇ ಉತ್ತರ ಕೊಡಬೇಕು. ನಡೆಯುತ್ತ ಮಾತನಾಡಲು ಹೋದರೆ ಎರಡರಲ್ಲಿ ಒಂದು ಕೈಕೊಡುತ್ತಿತ್ತು. ಮಾತಿನ ಮಲ್ಲ ಬೀದಿಯಲ್ಲಿ ಮೂಕನಾದದ್ದನ್ನು ಮೊದಲು ಗಮನಿಸಿದ್ದು ಅವನ ಹೆಂಡತಿ. ನಿಮಗೇನೋ ಆಗಿದೆ ಎಂದು ಅವಳು ಹಟಕ್ಕೆ ಬಿದ್ದು ಫಿಸಿಯೋ ಮೇಡಂ ಹತ್ತಿರ ಕರೆದುಕೊಂಡು ಹೋದಳು.

ಆ ಮೇಡಂ ಅವನ ಬೆನ್ನನ್ನು ಮುಟ್ಟುವ ಮೊದಲು ಪಾದ ಜೋಡಿಸಿ ನಿಂತು ಕಣ್ಣು ಮುಚ್ಚಲು ಹೇಳಿದರು. ಇದೆಂಥ ಮಕ್ಕಳಾಟ ಎಂದುಕೊಂಡು ಕಣ್ಣು ಮುಚ್ಚಿದ. ಕೋಣೆಯೇ ಒಂದು ಕಡೆಗೆ ವಾಲಿತು. ಕಣ್ಣು ಬಿಟ್ಟಾಗ ಮೇಡಂ ಅವನ ಎರಡೂ ತೋಳುಗಳನ್ನು ಹಿಡಿದುಕೊಂಡಿದ್ದರು. ಆಮೇಲೆ ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಕಾಲ್ಬೆರಳು ತಾಗಿಸಿ ಒಂದೇ ಗೆರೆಯಲ್ಲಿ ನಡೆಸಿದರು, ನಡೆಯುತ್ತಲೇ ಅಂಗಡಿಯ ಪಕ್ಕದ ಮನೆಗಳವರ ಹೆಸರು ಹೇಳಿ ಅಂದರು. ಅವನು ಎರಡನೆಯ ಹೆಸರಿಗೇ ನಿಂತುಬಿಟ್ಟ. ಹೆಂಡತಿ ಮಾತ್ರೆ ತರಲು ಹೊರಗೆ ಹೋಗಿದ್ದ ಹೊತ್ತಿನಲ್ಲಿ ಮೇಡಂ ಮುಚ್ಚುಮರೆಯಿಲ್ಲದೆ ವಿಷಯ ತಿಳಿಸಿದರು. ಬೆನ್ನು ನೋಯಬಾರದು ಅಂತ ಅದನ್ನೇ ಕಾಯುತ್ತ ಕಾಯುತ್ತ ಅವನ ಗಮನವೆಲ್ಲ ಅಲ್ಲೇ ಮುಗಿದುಹೋಗುತ್ತಿದೆ, ಕಾಲಿಗೆ ಏನೂ ಉಳಿಯುತ್ತಿಲ್ಲ. ವ್ಯಾಯಾಮ ಮಾಡಿದರೆ ಸುಧಾರಿಸುತ್ತದೆ. ಅಲ್ಲಿಯವರೆಗೆ ಭಾರ ಹೊತ್ತು ಮೆಟ್ಟಿಲು ಹತ್ತುವ ಹಾಗಿಲ್ಲ.

ಅವನಿಗೆ ಮುಖಕ್ಕೆ ಹೊಡೆದ ಹಾಗಾಯಿತು. “ಬೇರೆ ಹೊತ್ತಲ್ಲಿ ಹೇಗೋ ಏನೋ ಮೇಡಂ. ಗಾಜು ಕೈಗೆ ಬಂದ್ರೆ ನಾನು ನೆಟ್ಟಗೆ ನಡೀತೀನಿ. ಬಂದು ನೋಡಿ ಬೇಕಾದ್ರೆ,” ಅಂದ.

ಮೇಡಂ ಬಿಡಲಿಲ್ಲ. “ಹಾಗಾದ್ರೆ ಆ ಗಾಜಿನ ಇನ್ನೊಂದು ತುದೀಲಿ ಯಾರೋ ಗಟ್ಟಿಯಾಗಿ ನಿಂತಿದ್ದಾರೆ. ನೀವು ಗಾಜು ಹಿಡ್ಕೊಂಡಿಲ್ಲ, ಗಾಜು ನಿಮ್ಮನ್ನ ಹಿಡ್ಕೊಂಡಿದೆ. ಮೊದಲು ಆ ತುದಿಯವರಿಗೆ ವಿಷಯ ಹೇಳಿ.”

ಅವನು ಹೇಳಲಿಲ್ಲ. ಹೇಳಬೇಕು ಎಂದು ದಿನಾ ಬೆಳಿಗ್ಗೆ ಅಂಗಡಿಗೆ ಹೊರಡುತ್ತಿದ್ದ, ಭಾವ ಮೌನವಾಗಿ ಗಾಜಿನ ಅಂಚು ಉಜ್ಜುತ್ತಿರುವುದನ್ನು ಕಂಡು ನಾಲಿಗೆ ಒಳಕ್ಕೆ ಎಳೆದುಕೊಳ್ಳುತ್ತಿದ್ದ. ತನಗಿಂತ ಹಿರಿಯರು, ಇವತ್ತಿಗೂ ಒಂದು ದಿನ ಅಯ್ಯೋ ಅಮ್ಮಾ ಅಂದವರಲ್ಲ. ಅವರ ಮುಂದೆ ಹೋಗಿ ನನಗೆ ಕಾಲು ನಿಲ್ಲುತ್ತಿಲ್ಲ ಅನ್ನುವುದು ಹೇಗೆ? ಹಾಗೆ ಹೇಳಿದರೆ ಅವರು ಒಂದು ಮಾತೂ ಆಡದೆ ಅಂಗಡಿಯನ್ನೇ ಮುಚ್ಚಿಬಿಡುತ್ತಾರೆ ಎಂಬುದೂ ಅವನಿಗೆ ಗೊತ್ತಿತ್ತು. ಅಡುಗೆಮನೆಯ ಕಟ್ಟೆ ಹಿಡಿದು ಒಂಟಿಕಾಲಲ್ಲಿ ನಿಲ್ಲುವ ವ್ಯಾಯಾಮವನ್ನು ಮಾತ್ರ ಬಿಡದೆ ಮಾಡುತ್ತಿದ್ದ. ಅದು ಬೇಗ ಫಲ ಕೊಟ್ಟರೆ ಹೇಳುವ ಪ್ರಮೇಯವೇ ಬರುವುದಿಲ್ಲ ಎಂಬುದು ಅವನ ಲೆಕ್ಕಾಚಾರ.

ಅಷ್ಟರಲ್ಲಿ ನೃತ್ಯಶಾಲೆಯ ಟೀಚರ್ ಬಂದು ಕನ್ನಡಿಗೆ ಹೇಳಿ ಹೋದರು. ಗೋಡೆಯ ತುಂಬ ಒಂದೇ ಕನ್ನಡಿ ಬೇಕಂತೆ, ನಡುವೆ ಜೋಡಣೆ ಇರಬಾರದಂತೆ. ಶಾಲೆ ಇರುವುದು ಎರಡನೇ ಮಹಡಿಯಲ್ಲಿ. ಲಿಫ್ಟಿದೆ, ಆದರೆ ಅದರೊಳಗೆ ಇಂಥ ಕನ್ನಡಿಯ ಕಾಲುಭಾಗವೂ ಹಿಡಿಸುವುದಿಲ್ಲ. ಮೆಟ್ಟಿಲೇ ಗತಿ.

ಕನ್ನಡಿ ಕೊಡುವ ದಿನ ಅಕ್ಕ ಎಂದಿನಂತೆ ಬಾಗಿಲವರೆಗೆ ಬಂದಳು. ದೊಡ್ಡ ಕೆಲಸಕ್ಕೆ ಹೊರಟಾಗಲೆಲ್ಲ ಅವಳದೊಂದು ಮಾಮೂಲಿ ತಮಾಷೆ ಇತ್ತು. ನನ್ನ ಗಂಡನನ್ನು ಹೇಗೆ ಕೊಟ್ಟಿದ್ದೇನೋ ಹಾಗೇ ವಾಪಸ್ ತಂದುಕೊಡು ಎನ್ನುತ್ತಿದ್ದಳು. ಇವನು, ಹಳೇ ಮಾಲಿಗೆ ಗ್ಯಾರಂಟಿ ಇಲ್ಲಕ್ಕಾ ಎನ್ನುತ್ತಿದ್ದ. ಆವತ್ತು ಅವಳು ತಮಾಷೆ ಮಾಡಲಿಲ್ಲ. ತಮ್ಮನ ತೋಳನ್ನು ಸ್ವಲ್ಪ ಹೆಚ್ಚು ಹೊತ್ತು ಹಿಡಿದುಕೊಂಡು, “ನಿಧಾನಕ್ಕೆ ಹೋಗ್ರೋ” ಎಂದಷ್ಟೇ ಅಂದಳು. ಅವಳಿಗೆ ತನ್ನ ವಿಷಯ ತಿಳಿದುಹೋಗಿದೆ ಎಂದುಕೊಂಡ. ಹೆಂಡತಿಯ ಮೇಲೆ ಸಿಟ್ಟೂ ಬಂತು. ಪಾಪ, ಅವಳು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಕಟ್ಟಡದ ಕೆಳಗೆ ವ್ಯಾನಿನಿಂದ ಕನ್ನಡಿ ಇಳಿಸಿ ನಿಲ್ಲಿಸಿದಾಗ ಇಬ್ಬರೂ ಒಟ್ಟಿಗೆ ತಲೆಯೆತ್ತಿ ಮೆಟ್ಟಿಲು ನೋಡಿದರು. ಇಕ್ಕಟ್ಟಾದ ಮೆಟ್ಟಿಲು. ಒಂದು ಕಡೆ ಒರಟು ಗೋಡೆ, ಇನ್ನೊಂದು ಕಡೆ ಕಬ್ಬಿಣದ ಕಂಬಿ. ಹತ್ತುವಾಗ ಭಾರವೆಲ್ಲ ಕೆಳಗಿನವನ ಮೇಲೆ ಬರುತ್ತದೆ, ಮೇಲಿನವನು ಜಾರಿದರೆ ಕನ್ನಡಿಯೂ ಆ ಕೆಳಗಿನವನ ಮೇಲೆಯೇ ಬರುತ್ತದೆ. ಆ ಜಾಗ ಯಾವಾಗಲೂ ಭಾವನದು.

“ಕೂಲಿಯವರನ್ನ ಕರೆಸೋಣ್ವಾ ಭಾವ?” ಎಂದು ಕೇಳಿಯೇಬಿಟ್ಟ.

ಭಾವ ಮೆಟ್ಟಿಲಿನಿಂದ ಕಣ್ಣು ತೆಗೆಯಲಿಲ್ಲ. “ಯಾಕೆ, ನಿನಗೆ ಆಗಲ್ವಾ?”

“ನನಗೇನಾಗಿದೆ? ನಿಮಗೋಸ್ಕರ ಕೇಳ್ದೆ.”

“ನನಗೇನಾಗಿದೆ?” ಅಂದರು ಭಾವ. ಮಾತು ಅಲ್ಲಿಗೆ ಮುಗಿಯಿತು. ಆ ಹೊತ್ತಿನಲ್ಲಿ ಇಬ್ಬರಲ್ಲಿ ಒಬ್ಬ ನಿಜ ಹೇಳಿದ್ದರೂ ಸಾಕಿತ್ತು. ಆದರೆ ಇಬ್ಬರೂ ಕೈಗವಸು ಹಾಕಿಕೊಂಡರು.

ಕನ್ನಡಿ ಹೊರುವಾಗ ಅದರ ಮುಖ ಆಚೆಗಿರಬೇಕು ಎನ್ನುವುದು ವಾಡಿಕೆ. ತನ್ನ ಮುಖ ತಾನೇ ನೋಡುತ್ತ ನಡೆಯುವವನ ಕಾಲು ದಾರಿಯಲ್ಲಿರುವುದಿಲ್ಲ. ಆದರೆ ಇಲ್ಲಿ ಮಗ್ಗುಲಲ್ಲೇ ಒರಟು ಗೋಡೆ. ಆಚೆ ಮುಖ ಮಾಡಿದರೆ ಮುಖಕ್ಕೆ ಗೀರು, ಈಚೆ ಮುಖ ಮಾಡಿದರೆ ಬೆನ್ನಿಗೆ ಗೀರು. ಕನ್ನಡಿಗೂ ಬೆನ್ನೇ ಸೂಕ್ಷ್ಮ. ಅಲ್ಲಿ ಬಳಿದ ಬಣ್ಣ ಒಂದಿಷ್ಟು ಕೆತ್ತಿದರೂ ಮುಂದಿನಿಂದ ಕಪ್ಪು ಕಲೆಯಾಗಿ ಕಾಣುತ್ತದೆ, ಆಮೇಲೆ ಎಷ್ಟು ಒರೆಸಿದರೂ ಹೋಗುವುದಿಲ್ಲ. ಹಾಗಾಗಿ ಭಾವ ಕನ್ನಡಿಯ ಬೆನ್ನಿಗೆ ದಪ್ಪ ಕಂಬಳಿ ಕಟ್ಟಿದರು, ಅದನ್ನು ಗೋಡೆಯ ಕಡೆ ಮಾಡಿದರು. ಮುಖ ಇವರ ಕಡೆಗೆ ಬಂತು.

“ಅದರೊಳಗೆ ನೋಡ್ಬೇಡ,” ಅಂದರು ಭಾವ.

“ನೋಡೋಕೇನಿದೆ ಅಂಥಾ ಚಂದ,” ಅಂದ ಅವನು.

ಎತ್ತಿದರು. ಎತ್ತಿದ ಕೂಡಲೇ ಅವನಿಗೆ ಆ ಪರಿಚಿತ ನೆಮ್ಮದಿ ಬಂತು. ಬೆನ್ನು ನೆಟ್ಟಗಾಯಿತು, ಕಾಲಿಗೆ ನೆಲ ಸಿಕ್ಕಿತು. ಫಿಸಿಯೋ ಮೇಡಂ ಈಗ ಬಂದು ನೋಡಬೇಕಿತ್ತು ಎಂದುಕೊಂಡ. ಮೆಟ್ಟಿಲು ಅಂದ, ಹೂಂ ಬಂತು. ಮೆಟ್ಟಿಲು, ಹೂಂ. ಮೊದಲನೆಯ ಸಾಲು ಹೀಗೇ ಕಳೆಯಿತು. ತಿರುವು ಅಂದ. ತಿರುವಿನಲ್ಲಿ ಕನ್ನಡಿಯನ್ನು ತಿರುಗಿಸಿಕೊಳ್ಳುವಾಗ ಬೆನ್ನಿನ ಕೆಳಗೆ ಯಾರೋ ಸೂಜಿ ಚುಚ್ಚಿದ ಹಾಗಾಯಿತು. ಹಲ್ಲು ಕಚ್ಚಿ ಸಹಿಸಿಕೊಂಡ. ಆದರೆ ಗಮನ ಅಲ್ಲಿಗೆ ಹೋಯಿತು, ಹೋದದ್ದು ವಾಪಸ್ ಬರಲಿಲ್ಲ.

ಮಹಡಿಯ ಮೇಲೆ ಪಾಠ ನಡೆಯುತ್ತಿತ್ತು. ಹೆಜ್ಜೆಗಳ ಸದ್ದು ಚಾವಣಿಯ ಮೂಲಕ ಇಳಿದು ಬರುತ್ತಿತ್ತು. ಎರಡನೆಯ ಸಾಲಿನ ನಡುವೆ, ನೋವು ಮರೆಯಲು ಎಲ್ಲಾದರೂ ಕಣ್ಣು ಹಾಯಿಸಬೇಕೆನಿಸಿ, ಅವನು ಪಕ್ಕಕ್ಕೆ ನೋಡಿಬಿಟ್ಟ.

ಕನ್ನಡಿಯಲ್ಲಿ ಒಬ್ಬ ಮುದುಕನಿದ್ದ. ಮುಂದಕ್ಕೆ ಬಾಗಿ, ಕಾಲು ಅಗಲಿಸಿ, ಒಂದು ಸೊಂಟ ಮೇಲಕ್ಕೆ ಒಂದು ಸೊಂಟ ಕೆಳಕ್ಕೆ ಮಾಡಿಕೊಂಡು, ಇಡೀ ಮೈಯನ್ನು ಕನ್ನಡಿಯ ಮೇಲೆ ಚೆಲ್ಲಿ ಹತ್ತುತ್ತಿದ್ದ. ನೆಟ್ಟಗೆ ನಡೀತೀನಿ ಎಂದವನು ಇವನೇ. ಅವನಿಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಹೆದರಿಕೆ ಬಂತು. ಹೀಗೆ ತೂಗಾಡುವವನನ್ನು ಇಷ್ಟು ವರ್ಷ ಹಿಡಿದು ನಿಲ್ಲಿಸಿದವರು ಭಾವ, ಅವರಾದರೂ ಗಟ್ಟಿಯಾಗಿದ್ದಾರಲ್ಲ ಎಂದು ಕಣ್ಣನ್ನು ಕನ್ನಡಿಯಲ್ಲೇ ಇನ್ನೂ ಸ್ವಲ್ಪ ಹಿಂದಕ್ಕೆ ಜಾರಿಸಿದ.

ಭಾವನ ಮುಖ ಕಂಡಿತು. ಅವರು ಕಣ್ಣು ಮುಚ್ಚಿಕೊಂಡಿದ್ದರು.

ಕೆನ್ನೆಯನ್ನು ಕನ್ನಡಿಯ ಅಂಚಿಗೆ ಒತ್ತಿಕೊಂಡು, ಕೆಳದುಟಿ ಕಚ್ಚಿ ಹಿಡಿದು, ಕುತ್ತಿಗೆಯವರೆಗೂ ಬೆವರಿಳಿಸಿಕೊಂಡು ಬರುತ್ತಿದ್ದರು. ಎಡಗಾಲು ಮೆಟ್ಟಿಲಿಗೆ ತಗುಲಿ ತಗುಲಿ, ಹುಡುಕಿ ಹುಡುಕಿ ಮೇಲೆ ಬರುತ್ತಿತ್ತು. ಒಂದು ಮೆಟ್ಟಿಲ ಮೇಲೆ ಎರಡೂ ಪಾದ ಸೇರಿಸಿಕೊಂಡ ಮೇಲೇ ಅವರ ಬಾಯಿಂದ ಹೂಂ ಹೊರಡುತ್ತಿತ್ತು. ಹಿಂದಿನಿಂದ ತನಗೆ ಬರುತ್ತಿದ್ದ ಆ ಬಲವಾದ ಒತ್ತು, ತಾನು ಭಾವನ ತಾಕತ್ತು ಎಂದುಕೊಂಡಿದ್ದ ಒತ್ತು, ತಾಕತ್ತಲ್ಲ. ಅವರು ಬೀಳದಿರಲು ಕನ್ನಡಿಗೆ ಒರಗಿದ ಭಾರ. ತಾನು ಅವರಿಗೆ ಒರಗಿದ್ದ, ಅವರು ತನಗೆ ಒರಗಿದ್ದರು, ನಡುವೆ ಇದ್ದದ್ದು ಒಂದು ಗಾಜು.

ಅವನ ಜೀವ ಬಾಯಿಗೆ ಬಂತು. ಬಾಯಿಗೆ ಬಂದದ್ದರಿಂದಲೋ ಏನೋ, ‘ಮೆಟ್ಟಿಲು’ ಎನ್ನಬೇಕಾದಲ್ಲಿ ಮಾತು ಹೊರಡಲಿಲ್ಲ. ಅವನು ಕಾಲೆತ್ತಿದ. ಕೆಳಗೆ ಭಾವ ಎತ್ತಲಿಲ್ಲ. ಹೇಳದೆ ಎತ್ತುವುದು ಅವರಿಗೆ ಅಭ್ಯಾಸವಿಲ್ಲ, ಕಣ್ಣೂ ಮುಚ್ಚಿತ್ತು. ಕನ್ನಡಿ ಹಿಂದಕ್ಕೆ ಜಗ್ಗಿತು. ಅವನ ಹಿಮ್ಮಡಿ ಮೆಟ್ಟಿಲ ಅಂಚಿನಿಂದ ಜಾರಿತು.

ಆ ಒಂದು ಗಳಿಗೆಯಲ್ಲಿ ಅವನಿಗೆ ಎಲ್ಲವೂ ಸ್ಪಷ್ಟವಾಗಿ ಕಂಡಿತು. ತನ್ನ ಕೈ ಬಿಟ್ಟುಹೋಗುವುದು, ಕನ್ನಡಿ ಇಳಿಜಾರಿನಲ್ಲಿ ಹೊರಡುವುದು, ಅದರ ಕೆಳಗೆ ಕಣ್ಣು ಮುಚ್ಚಿಕೊಂಡ ಒಬ್ಬ ಮನುಷ್ಯ, ಬಾಗಿಲಲ್ಲಿ ನಿಂತ ಅಕ್ಕ. ಕಂಬಿ ಹಿಡಿಯಲು ಬಲಗೈ ತಾನಾಗಿ ಎದ್ದಿತು. ಹಿಡಿದರೆ ತಾನು ಉಳಿಯುತ್ತಿದ್ದ. ಅವನು ಎದ್ದ ಕೈಯನ್ನು ವಾಪಸ್ ಕನ್ನಡಿಗೆ ಹಾಕಿ, ಎರಡೂ ಮೊಣಕಾಲನ್ನು ಮೆಟ್ಟಿಲಿಗೆ ಕುಕ್ಕಿದ. ಬೆನ್ನಿನಿಂದ ತಲೆಯವರೆಗೆ ಬೆಂಕಿ ಹತ್ತಿತು.

“ಇಳಿಸು,” ಅಂದ.

“ಹೂಂ.”

ಆ ಹೂಂ ಬಂದ ವೇಗ ನೋಡಬೇಕಿತ್ತು. ಇವನ ಮಾತು ಮುಗಿಯುವ ಮೊದಲೇ ಬಂತು, ವರ್ಷಗಳಿಂದ ಬಾಯೊಳಗೇ ಇಟ್ಟುಕೊಂಡು ಕಾದವರ ಹಾಗೆ ಬಂತು. ಕನ್ನಡಿಯ ಕೆಳ ಅಂಚು ಮೆಟ್ಟಿಲುಗಳ ಮೇಲೆ ಕೂತಿತು, ಕಂಬಳಿಯ ಬೆನ್ನು ಗೋಡೆಗೆ ಒರಗಿತು. ಮೇಲೆ ಹೆಜ್ಜೆಗಳ ಸದ್ದು ನಡೆದೇ ಇತ್ತು. ಇಬ್ಬರೂ ಇದ್ದಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು, ಕನ್ನಡಿಗೆ ಒಂದೊಂದು ಕೈ ಆನಿಸಿಕೊಂಡು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಮೊದಲು ಬಾಯಿ ಬಿಟ್ಟದ್ದು ಚಿಕ್ಕ ಯಜಮಾನನೇ. “ಭಾವ, ನನಗೆ ಕಾಲು ನಿಲ್ತಾ ಇಲ್ಲ. ಫಿಸಿಯೋ ಮೇಡಂ ಯಾವಾಗ್ಲೋ ಹೇಳಿದ್ರು, ನಿಮಗೆ ತಿಳಿಸಿ ಅಂತ. ನಾನು ತಿಳಿಸ್ಲಿಲ್ಲ. ಇಷ್ಟು ದಿನ ನಿಮ್ಮ ಬಲದ ಮೇಲೆ ನಡೀತಾ ಇದ್ದೆ.”

“ನನ್ನ ಬಲಾನಾ?” ಎಂದು ಭಾವ ನಗಲು ಹೋದರು. ನಗು ಸೊಂಟಕ್ಕೆ ಬಂದು ಹಿಡಿದುಕೊಂಡಿತು, ಅರ್ಧಕ್ಕೇ ನಿಲ್ಲಿಸಿ ಉಸಿರು ಬಿಟ್ಟರು. “ನನ್ನ ಎಡಗಾಲಿಗೆ ನೆಲ ಎಲ್ಲಿದೆ ಅಂತಾನೇ ತಿಳಿಯಲ್ಲ ಕಣೋ. ನೀನು ಮೆಟ್ಟಿಲು ಅಂದಾಗ ಎತ್ತೋದು, ಅಷ್ಟೇ. ನೀನು ಎಳೀತೀಯಲ್ಲ, ಆ ಧೈರ್ಯದ ಮೇಲೆ ಬರ್ತಾ ಇದ್ದೆ.”

ಮಿಕ್ಕದ್ದನ್ನು ಅವರು ತುಂಡು ತುಂಡಾಗಿ ಹೇಳಿದರು. ಬೆನ್ನು ಹಿಡಿದು ಎಷ್ಟೋ ಕಾಲವಾಯಿತು. ದಿನಾ ಬೆಳಿಗ್ಗೆ ಅಕ್ಕ ಮುಲಾಮು ತಿಕ್ಕಿ, ಸೊಂಟಕ್ಕೆ ಪಟ್ಟಿ ಬಿಗಿದು, ಮೇಲೆ ಅಂಗಿ ತೊಡಿಸಿ ಕಳಿಸುತ್ತಾಳೆ. ನಿನ್ನ ತಮ್ಮನಿಗೆ ಹೇಳಿದರೆ ಅವನು ನನ್ನನ್ನು ಕೂರಿಸಿ ಒಬ್ಬನೇ ಹೊರಲು ಹೋಗುತ್ತಾನೆ, ಬಾಯಿ ಬಿಡಬೇಡ ಎಂದು ಅವಳಿಂದ ಆಣೆ ಮಾಡಿಸಿಕೊಂಡಿದ್ದಾರೆ. ಬೆಳಿಗ್ಗೆ ಅಕ್ಕ ತೋಳು ಹಿಡಿದದ್ದು ಯಾಕೆಂದು ಅವನಿಗೆ ಆಗ ತಿಳಿಯಿತು. ಅವಳು ಹೆದರಿದ್ದು ತನ್ನ ವಿಷಯಕ್ಕಲ್ಲ. ತಾನು ಗಟ್ಟಿಯಾಗಿದ್ದೇನೆ ಎಂದು ನಂಬಿ, ಗಂಡನನ್ನು ಈ ಕೈಗೆ ಒಪ್ಪಿಸಿ ಕಳಿಸಿದ್ದಳು.

ಆ ಯೋಚನೆ ಅಲ್ಲಿಗೇ ನಿಲ್ಲಲಿಲ್ಲ. ಇಬ್ಬರೂ ಹೀಗೇ ಎಷ್ಟು ಬೀದಿ ದಾಟಿದ್ದಾರೆ, ಎಷ್ಟು ಮಕ್ಕಳ ಪಕ್ಕದಲ್ಲಿ ಗಾಜು ಹಿಡಿದು ಹಾದಿದ್ದಾರೆ. ಒಬ್ಬರು ಹಿಡಿದಿದ್ದಾರೆಂದು ಇನ್ನೊಬ್ಬರು ನಂಬಿದ್ದರು. ನಿಜಕ್ಕೂ ಹಿಡಿದವರು ಯಾರೂ ಇರಲಿಲ್ಲ. ಅವನಿಗೆ ಅಳು ಬಂತು. ಬಂದದ್ದನ್ನು ತಡೆಯಲೂ ಇಲ್ಲ.

ಮೇಲಿನ ಬಾಗಿಲು ತೆರೆದು ಟೀಚರ್ ಇಣುಕಿದರು. ಏನಾಯಿತು, ನಾನೂ ಕೈ ಹಾಕಲಾ ಎಂದು ಕೇಳಿದರು. ಇಂಥ ಮಾತಿಗೆ ಭಾವನ ಉತ್ತರ ಯಾವಾಗಲೂ ಒಂದೇ, ಏನೂ ಬೇಡ, ನೀವು ದೂರ ಇರಿ. ಅವನು ಅದಕ್ಕಾಗಿಯೇ ಕಾದ. ಭಾವ ಕೈಗವಸು ಕಳಚಿ ತೊಡೆಯ ಮೇಲಿಟ್ಟುಕೊಂಡರು.

“ಹಾಕಿ ಮೇಡಂ,” ಅಂದರು. “ನಮ್ಮಿಬ್ಬರ ಕೈಲಿ ಆಗಲ್ಲ. ಹೊರೋರನ್ನ ಕರೆಸ್ಬೇಕು. ಅಲ್ಲೀವರೆಗೆ ಇದಕ್ಕೆ ಯಾರಾದ್ರೂ ಕಾವಲಿರಿ.”

ಟೀಚರ್ ಮತ್ತು ಪಾಠ ಕಲಿಯುತ್ತಿದ್ದ ಇಬ್ಬರು ಹೆಂಗಸರು ಇಳಿದು ಬಂದು ಕನ್ನಡಿಗೆ ಕೈ ಆನಿಸಿ ನಿಂತರು. ಇವರಿಬ್ಬರೂ ಎದ್ದರು. ಏಳುವುದೇ ಒಂದು ದೊಡ್ಡ ಸಾಹಸವಾಯಿತು. ಈಗ ಇಳಿಯಬೇಕು, ಕೈಯಲ್ಲಿ ಗಾಜಿಲ್ಲ. ಖಾಲಿ ಕೈಯಲ್ಲಿ ಮೆಟ್ಟಿಲು ನೋಡಿದಾಗ ಅದು ಬಾವಿಯ ಹಾಗೆ ಕಂಡಿತು.

ಕೆಳಗಿನ ಮೆಟ್ಟಿಲಲ್ಲಿದ್ದ ಭಾವ ಮೊದಲು ಹೊರಟರು. ಅವನು ಅವರ ಅಂಗಿ ಹಿಡಿದು ನಿಲ್ಲಿಸಿದ. ಕಂಬಿ ಹಿಡಿದುಕೊಂಡು, ಅವರ ಪಕ್ಕದಿಂದ ನುಸುಳಿ, ಒಂದು ಮೆಟ್ಟಿಲು ಕೆಳಗೆ ಹೋಗಿ ನಿಂತ.

“ಹಿಂದೆ ಇರೋ. ನಾನು ಬಿದ್ರೆ ನಿನ್ನ ಮೇಲೇ ಬೀಳ್ತೀನಿ,” ಅಂದರು ಭಾವ.

“ಇಷ್ಟು ವರ್ಷ ಆ ಜಾಗದಲ್ಲಿ ನೀವಿದ್ರಿ,” ಅಂದ ಅವನು. “ಒಂದು ಕೈ ಕಂಬಿ ಮೇಲಿಡಿ. ಇನ್ನೊಂದು ನನ್ನ ಹೆಗಲ ಮೇಲೆ. ಕಣ್ಣು ಬಿಟ್ಟಿರಿ.”

ಹೆಗಲ ಮೇಲೆ ಕೈ ಬಂದು ಕೂತಿತು. ನಡುವೆ ಗಾಜಿಲ್ಲದೆ ಭಾವನ ಭಾರ ಎಷ್ಟು ಎಂದು ಅವನಿಗೆ ಅದೇ ಮೊದಲ ಸಲ ತಿಳಿದದ್ದು. ಅವನು ಕಾಲು ಮುಂದಿಡುವ ಮೊದಲು, ಜೋರಾಗಿ, ಮೇಲಿದ್ದವರೆಲ್ಲ ಕೇಳುವ ಹಾಗೆ, ಮೆಟ್ಟಿಲು ಅಂದ. ಆಮೇಲೆ ನಿಂತು ಕಾದ. ಹೂಂ ಬರುವವರೆಗೂ ಅಲ್ಲಾಡಲಿಲ್ಲ.